ಹತ್ತು ಗುಂಡುಗಳ ಮಿತಿ ಮರಳಿ ಬರಲಿ

ಅಮೆರಿಕದ ಶಾಲೆಯೊಂದರಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ಅಲ್ಲಿನ ರಾಜಕಾರಣಿಗಳು ಕಂಬನಿ ಮಿಡಿಯುತ್ತಾರೆ. ಕಾನೂನಿನ ಮಾತೆತ್ತಿದೊಡನೆ ಅವರಲ್ಲಿ ಹಲವರು ಸಂವಿಧಾನದ ಎರಡನೆಯ ತಿದ್ದುಪಡಿಯನ್ನು ಮುಂದೊಡ್ಡುತ್ತಾರೆ. ಬಂದೂಕು ಹೊಂದುವ ಹಕ್ಕನ್ನು 2008ರಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟೇ ಆ ಹಕ್ಕು ಅಪರಿಮಿತವಲ್ಲ ಎಂದೂ ಹೇಳಿದ್ದನ್ನು ಮಾತ್ರ ಮರೆಯುತ್ತಾರೆ.

ಸೇನಾ ಮಾದರಿಯ ದಾಳಿ ಬಂದೂಕುಗಳ ನಿಷೇಧ ಆ ದೇಶಕ್ಕೆ ಹೊಸತೇನಲ್ಲ. ಕ್ಲಿಂಟನ್ ಆಡಳಿತದಲ್ಲಿ, 1994ರಲ್ಲಿ, ಅಂಥ ಕಾಯ್ದೆ ಜಾರಿಗೆ ಬಂದಿತ್ತು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜೀನ್‌ಗಳ ಮಾರಾಟವನ್ನೂ ಅದು ತಡೆದಿತ್ತು. ಹತ್ತು ವರ್ಷಗಳ ಅವಧಿ ಮುಗಿದ ಬಳಿಕ ಅದು ನವೀಕರಣಗೊಳ್ಳಲಿಲ್ಲ.

ಆ ಕಾಯ್ದೆ ದೋಷರಹಿತವಾಗಿತ್ತೆಂದು ವಾದಿಸಬೇಕಾಗಿಲ್ಲ. ಪಿಸ್ತೂಲಿನಂಥ ಹಿಡಿ, ಮಡಚುವ ಹಿಂಬದಿ ಮುಂತಾದ ಹೊರಲಕ್ಷಣಗಳ ಮೇಲೆಯೇ ಅದು ಬಹುಪಾಲು ನಿಂತಿತ್ತು. ತಯಾರಕರು ಒಂದೆರಡು ಭಾಗ ಬದಲಿಸಿ ಹೆಚ್ಚುಕಡಿಮೆ ಅದೇ ಬಂದೂಕನ್ನು ಮಾರಿದರು. ಜನರ ಕೈಯಲ್ಲಿದ್ದ ಹಳೆಯ ಬಂದೂಕುಗಳು ಹಾಗೆಯೇ ಉಳಿದವು. ಅಲ್ಲಿನ ಗುಂಡೇಟಿನ ಕೊಲೆಗಳಲ್ಲಿ ಹೆಚ್ಚಿನವು ಪಿಸ್ತೂಲಿನಿಂದಲೇ ಆಗುತ್ತವೆ ಎಂಬ ಆಕ್ಷೇಪವೂ ನಿಜ. ಆ ಕಾರಣಕ್ಕೇ ಹೊಸ ಕಾಯ್ದೆಯ ಜೀವಾಳ ಮ್ಯಾಗಜೀನ್ ಮಿತಿಯಾಗಬೇಕು. ಅದು ಪಿಸ್ತೂಲಿಗೂ ಅನ್ವಯಿಸುತ್ತದೆ. 2011ರಲ್ಲಿ ಟುಸಾನ್‌ನಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ಮೇಲೆ ಗುಂಡು ಹಾರಿಸಿದವನ ಪಿಸ್ತೂಲಿನಲ್ಲಿ 33 ಗುಂಡುಗಳ ಮ್ಯಾಗಜೀನ್ ಇತ್ತು. ಅದು ಬರಿದಾಗಿ, ಮತ್ತೊಂದನ್ನು ತುಂಬಲು ಹೊರಟಾಗ ಅಲ್ಲಿದ್ದ ಜನ ಅವನನ್ನು ಕೆಡವಿ ಹಿಡಿದರು. ಅಷ್ಟರಲ್ಲಿ ಆರು ಮಂದಿಗೆ ಮಾರಣಾಂತಿಕ ಗುಂಡೇಟು ಬಿದ್ದಾಗಿತ್ತು. ಆ ವಿರಾಮ ಹತ್ತನೆಯ ಗುಂಡಿಗೇ ಒದಗಿದ್ದರೆ?

ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರಲ್ಲಿ 20 ಮಕ್ಕಳು, ಆರು ಮಂದಿ ಸಿಬ್ಬಂದಿ ಸತ್ತರು. ಮರುವರ್ಷ ನಿಷೇಧದ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ ದೊರೆತದ್ದು 40 ಮತ. 2022ರಲ್ಲಿ ಉವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಬಲಿಯಾದರು. ಪ್ರತಿನಿಧಿ ಸಭೆ 217–213 ಮತಗಳಿಂದ ನಿಷೇಧಕ್ಕೆ ಒಪ್ಪಿದರೂ ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ. ನ್ಯೂಜಿಲೆಂಡ್ ಸಂಸತ್ತು 2019ರಲ್ಲಿ, ಕ್ರೈಸ್ಟ್‌ಚರ್ಚ್ ಹತ್ಯಾಕಾಂಡ ನಡೆದು ತಿಂಗಳು ತುಂಬುವ ಮೊದಲೇ ಇಂಥ ಬಂದೂಕುಗಳನ್ನು ನಿಷೇಧಿಸಿತ್ತು, ವಿರೋಧಿಸಿದವರು ಒಬ್ಬರೇ.

ಬಂದೂಕು ತಮ್ಮ ಸಂಸ್ಕೃತಿಯ ಭಾಗ ಎನ್ನುವವರಿಗೆ ಕೊಡಗನ್ನು ತೋರಿಸಬಹುದು. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಸ್ವಯಂಚಾಲಿತ ಆಯುಧಗಳನ್ನು ನಿಷೇಧಿತ ವರ್ಗದಲ್ಲಿಟ್ಟ 1959ರ ಕಾಯ್ದೆಯಿಂದ ಆ ಸಂಪ್ರದಾಯಕ್ಕೇನೂ ಧಕ್ಕೆಯಾಗಿಲ್ಲ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್ ಮುಂತಾದ ರಾಜ್ಯಗಳು ತಮ್ಮದೇ ನಿಷೇಧ ಹೇರಿವೆ. ಆದರೆ ಇಲಿನಾಯ್‌ಗೆ ಹೊಂದಿಕೊಂಡಿರುವ ಇಂಡಿಯಾನಾದಲ್ಲಿ ಅಂಥ ಕಾಯ್ದೆ ಇಲ್ಲ. ಶಿಕಾಗೊ ನಗರದಿಂದ ಆ ಗಡಿಗೆ ಕಾರಿನಲ್ಲಿ ಹೆಚ್ಚು ಹೊತ್ತೇನೂ ಬೇಕಾಗದು.