ಸಭಾಂಗಣಕ್ಕೆ ಬೀಗ, ಅಂಗೈಯಲ್ಲಿ ಸಿನಿಮಾ



ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತವೆ? ಪಾಲಕ ಸಂತರ ಹಬ್ಬದೂಟ, ನಾಲ್ಕಾರು ಮದುವೆ, ಒಂದೆರಡು ಸಭೆ. ಉಳಿದ ದಿನಗಳಲ್ಲಿ ಬೀಗ. ಶಿಕಾರಿಪುರ, ಸೊರಬದಂತಹ ಊರುಗಳಲ್ಲಿ ತಿಂಗಳಿಗೊಂದು ಸಂಜೆ ಒಳ್ಳೆಯ ಚಲನಚಿತ್ರವೊಂದನ್ನು ಊರವರೆಲ್ಲರಿಗೂ ತೋರಿಸಿ, ಅದು ಮುಗಿದ ಬಳಿಕ ಅರ್ಧ ಗಂಟೆ ಕುಳಿತು ಮಾತನಾಡೋಣ ಎಂದರೆ ಹುಬ್ಬು ಗಂಟಿಕ್ಕುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಆಕ್ಷೇಪಣೆಗಳನ್ನು ಗೌರವದಿಂದ ಕೇಳಿದ್ದೇನೆ. ಆದರೆ ಒಪ್ಪಲಾರೆ.

ದೇವಾಲಯದ ಆವರಣವೇನು ಸಿನಿಮಾ ಟೆಂಟೇ ಎಂಬುದು ಮೊದಲನೆಯ ಪ್ರಶ್ನೆ. ಹೀಗೆ ಕೇಳುವವರು ಧರ್ಮಸಭೆಯ ಬೋಧನೆಯನ್ನು ಒಮ್ಮೆ ತಿರುವಿ ನೋಡಬೇಕು. 1936ರಷ್ಟು ಹಿಂದೆಯೇ ಜಗದ್ಗುರು ಹನ್ನೊಂದನೇ ಪಯಸ್ ಅವರು ಚಲನಚಿತ್ರವನ್ನೇ ಕುರಿತು ಪರಿಪತ್ರವೊಂದನ್ನು ಬರೆದರು. ಕೆಟ್ಟ ಚಿತ್ರಗಳ ಅಪಾಯವನ್ನು ಎಚ್ಚರಿಸಿದಂತೆಯೇ ಒಳ್ಳೆಯ ಚಿತ್ರ ಮಾಡಬಲ್ಲ ಉಪಕಾರವನ್ನೂ ಅವರು ಒಪ್ಪಿಕೊಂಡರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪವಿತ್ರ ಆರಾಧನಾವಿಧಿಯ ಕುರಿತಾದ ದಾಖಲೆಯನ್ನು ಪ್ರಕಟಿಸಿತಷ್ಟೆ? ಅದೇ ದಿನ ಸಮೂಹ ಮಾಧ್ಯಮಗಳ ಕುರಿತಾದ ದಾಖಲೆಯೂ ಹೊರಬಂತು. ಉತ್ತಮ ಚಿತ್ರಗಳ ನಿರ್ಮಾಣಕ್ಕೂ ಪ್ರದರ್ಶನಕ್ಕೂ ಬೆಂಬಲ ಕೊಡಿ, ಅವನ್ನು ವಿವೇಕದಿಂದ ನೋಡುವ ಶಿಕ್ಷಣವನ್ನು ಯುವಜನರಿಗೆ ನೀಡಿ ಎಂಬುದು ಅದರ ಆಶಯ. ಬೀಗ ಹಾಕಿ ಎಂದು ಅದು ಹೇಳಲಿಲ್ಲ.

ಹಾಗಾದರೆ ಕ್ರಿಸ್ತರ ಜೀವನದ ಚಿತ್ರಗಳನ್ನು ಮಾತ್ರ ತೋರಿಸಿ ಎಂಬುದು ಎರಡನೆಯ ಮಾತು. ತಪಸ್ಸುಕಾಲದಲ್ಲಿ ಅವುಗಳಿಗೆ ಇರುವ ಸ್ಥಾನವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಪ್ರವಾದಿ ನಾತಾನನನ್ನು ನೆನೆಯಿರಿ. ತಪ್ಪು ಮಾಡಿದ ಅರಸ ದಾವೀದನ ಎದುರು ಅವನು ಧರ್ಮಶಾಸ್ತ್ರವನ್ನು ಓದಲಿಲ್ಲ. ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದುಕೊಂಡ ಧನಿಕನ ಕಥೆ ಹೇಳಿದ. ಪರರ ಕಥೆ ಕೇಳಿ ಕೆರಳಿದ ದಾವೀದ ಆ ಕಥೆಯಲ್ಲೇ ತನ್ನ ಮುಖವನ್ನು ಕಂಡ. ನಮ್ಮ ಪ್ರಭುವಿನ ಸಾಮತಿಗಳಲ್ಲಿಯೂ ಬರುವವರು ಬಿತ್ತುವವನು, ಕುರುಬ, ಮಗನನ್ನು ಕಾಯುವ ತಂದೆ, ಕಳೆದ ನಾಣ್ಯಕ್ಕಾಗಿ ಮನೆ ಗುಡಿಸುವ ಹೆಂಗಸು. ಕಥೆಯೊಳಗೆ ದೇವರ ಹೆಸರಿಲ್ಲದಿದ್ದರೂ ದೇವರ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1956ರಲ್ಲಿ ಕಾನ್ ಚಿತ್ರೋತ್ಸವದ ಕಥೋಲಿಕ ತೀರ್ಪುಗಾರರು ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯನ್ನು ವಿಶೇಷವಾಗಿ ಪುರಸ್ಕರಿಸಿದರು. ಅದು ಬಂಗಾಳದ ಬಡ ಪುರೋಹಿತನೊಬ್ಬನ ಕುಟುಂಬದ ಕಥೆ. 1995ರಲ್ಲಿ, ಸಿನಿಮಾಕ್ಕೆ ನೂರು ವರ್ಷ ತುಂಬಿದಾಗ, ವ್ಯಾಟಿಕನ್ ಪಟ್ಟಿಮಾಡಿದ 45 ಶ್ರೇಷ್ಠ ಚಿತ್ರಗಳಲ್ಲಿ ಕದ್ದುಹೋದ ಸೈಕಲ್ಲನ್ನು ಹುಡುಕುತ್ತ ಅಲೆಯುವ ಅಪ್ಪ ಮಗನ ಕಥೆ ‘ಬೈಸಿಕಲ್ ಥೀವ್ಸ್’ ಇದೆ, ‘ಗಾಂಧಿ’ಯೂ ಇದೆ. ರೋಮ್ ತೆರೆದ ಬಾಗಿಲನ್ನು ಮಲೆನಾಡಿನ ಧರ್ಮಕೇಂದ್ರ ಮುಚ್ಚುವುದು ಯಾವ ಭಕ್ತಿ?

ಇನ್ನು ಮೂರನೆಯದು: ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಸಭಾಂಗಣಕ್ಕೆ ಯಾರು ಬರುತ್ತಾರೆ? ವಾಸ್ತವವಾಗಿ ಇದೇ ನನ್ನ ಆತಂಕ. ಒಂದೇ ಮನೆಯಲ್ಲಿ ಅಪ್ಪ ಒಂದು ಮೂಲೆ, ಮಗಳು ಒಂದು ಮೂಲೆ, ಅಜ್ಜಿ ಇನ್ನೊಂದು ಮೂಲೆ. ಯಾರು ಏನನ್ನು ನೋಡಿ ನಕ್ಕರು, ಯಾವುದಕ್ಕೆ ಕಣ್ಣೊರೆಸಿಕೊಂಡರು ಎಂಬುದು ಪಕ್ಕದವರಿಗೆ ತಿಳಿಯದು. ಒಂಟಿಯಾಗಿ ನೋಡಿದ್ದನ್ನು ಪ್ರಶ್ನಿಸುವವರಿಲ್ಲ, ತಿದ್ದುವವರಿಲ್ಲ. ಜೊತೆಯಲ್ಲಿ ನೋಡುವುದು ಬೇರೆಯೇ ವಿದ್ಯೆ. ಅದನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಸೊರಬಕ್ಕೆ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಜನರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಒಟ್ಟಿಗೆ ನೋಡಿದರು, ಚರ್ಚಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂಬ ಪಟ್ಟಣದವರ ಅಹಂಕಾರವನ್ನು ಕೆ.ವಿ. ಸುಬ್ಬಣ್ಣನವರು ಮುರಿದರು, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಗ್ಗೋಡಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವೆನ್ನಲು ಸೋಮಾರಿತನವಲ್ಲದೆ ಬೇರೆ ಕಾರಣ ನನಗೆ ಕಾಣದು.

ಕೊನೆಯ ಆಕ್ಷೇಪಣೆಯನ್ನು ಜನರು ಪಿಸುಮಾತಿನಲ್ಲಿ ಹೇಳುತ್ತಾರೆ: ಅನ್ಯಧರ್ಮದವರನ್ನು ಕರೆದರೆ ಸಂಶಯ ಹುಟ್ಟದೇ? ಸಂಶಯ ಹುಟ್ಟುವುದು ಒಬ್ಬರನ್ನೊಬ್ಬರು ಕಾಣದೆ ಇರುವಾಗ. ನೆರೆಯವನನ್ನು ಅವನ ಮುಖದಿಂದಲ್ಲ, ಮೊಬೈಲಿಗೆ ಬಂದ ಸಂದೇಶದಿಂದ ಅಳೆಯುವಾಗ. ಚಿತ್ರವು ಗಾಳಕ್ಕೆ ಸಿಕ್ಕಿಸಿದ ಹುಳುವಾಗಬಾರದು; ನಡುವೆ ಉಪದೇಶ ಬೇಡ, ಕೊನೆಯಲ್ಲಿ ಕರಪತ್ರವೂ ಬೇಡ. ನಮ್ಮ ಸಭಾಂಗಣಕ್ಕೆ ಬರಲು ಯಾರಿಗಾದರೂ ಸಂಕೋಚವಾದರೆ ಊರಿನ ಶಾಲೆಯಲ್ಲೋ ಸಾರ್ವಜನಿಕ ಸಭಾಭವನದಲ್ಲೋ ನಡೆಸೋಣ. ಬೆಂಚು ಹೊರಲು ನಾವೇ ಹೋಗೋಣ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1162ರ ಶಾಸನವೊಂದಿದೆ. ಅಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ಪುರಾಣಗಳ ಜೊತೆಗೆ ನಾಟಕಗಳ ಅಧ್ಯಯನವೂ ನಡೆಯುತ್ತಿತ್ತು. ಬಡವರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ ಸಿಗುತ್ತಿತ್ತು. ಆ ಶೈವ ಮಠದ ಊಟದ ಪಂಕ್ತಿಯಲ್ಲಿ ಜೈನ ಸನ್ಯಾಸಿಗಳಿಗೂ ಜಾಗವಿತ್ತು. ಕಲೆಗೂ ಹಸಿವಿಗೂ ಒಂದೇ ಬಾಗಿಲು ತೆರೆದ ಈ ನೆಲದಲ್ಲಿ ನಾವು ಬೀಗದ ಕೈ ಹಿಡಿದು ನಿಲ್ಲುವುದು ನಾಚಿಕೆಯ ಸಂಗತಿ.

ಎಲ್ಲಿಂದ ಆರಂಭಿಸೋಣ? ‘ದ್ವೀಪ’ದಿಂದ. ಸಾಗರದ ನಮ್ಮ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಅವರು 2002ರಲ್ಲಿ ತೆರೆಗೆ ತಂದ ಚಿತ್ರವದು. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದದ್ದು. 2025ರ ಜನವರಿಯಲ್ಲಿ ನಮ್ಮನ್ನಗಲಿದ ಡಿಸೋಜ ಅವರು ಕ್ರೈಸ್ತರು. ಆದರೆ ಅಣೆಕಟ್ಟಿನ ನೀರು ಏರುವಾಗ ಮನೆ ಬಿಡಲೊಲ್ಲದ ಹಿಂದೂ ಕುಟುಂಬವೊಂದರ ಸಂಕಟವನ್ನು ತಮ್ಮದೇ ಎಂಬಂತೆ ಬರೆದರು. ಆ ಮನೆಯನ್ನು ಉಳಿಸಿಕೊಳ್ಳಲು ಹೆಣಗಿದವಳು ನಾಗಿ. ಅವಳ ದುಡಿಮೆಗೆ ಸಂದ ಗೌರವವೆಷ್ಟು? ಈ ಒಂದು ಪ್ರಶ್ನೆಯನ್ನು ಚಿತ್ರ ಮುಗಿದ ಮೇಲೆ ಸಭೆಯ ಮುಂದಿಡಿ. ನಮ್ಮ ಮನೆಗಳ ಹೆಣ್ಣುಮಕ್ಕಳು ಬಾಯಿ ತೆರೆಯುವುದನ್ನು ಕಾಣುವಿರಿ.

ಬೇಕಾದದ್ದು ಹೆಚ್ಚೇನಲ್ಲ: ಒಂದು ಪ್ರೊಜೆಕ್ಟರು, ಒಂದು ಬಿಳಿಯ ಪರದೆ, ಕೇಳಿಸುವಂತಹ ಧ್ವನಿಪೆಟ್ಟಿಗೆ, ಮಾತನ್ನು ನಡೆಸಬಲ್ಲ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ. ಚಿತ್ರದ ಹಕ್ಕುದಾರರ ಅನುಮತಿಯನ್ನು ಮೊದಲೇ ಪಡೆಯಿರಿ. ಕದ್ದ ಪ್ರತಿಯನ್ನು ದೇವಾಲಯದ ಆವರಣದಲ್ಲಿ ತೋರಿಸಿದರೆ ಏಳನೆಯ ಕಟ್ಟಳೆ ನಮ್ಮನ್ನು ನೋಡಿ ನಕ್ಕೀತು. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ನೀವೇ ಎತ್ತಿರಿ. ನಿಮ್ಮ ಗುರುಗಳು ಹಿಂಜರಿದರೆ ಬಿಡಬೇಡಿ, ಬೀಗದ ಕೈ ಕೇಳಿರಿ.