ವಿಳಾಸ ಓದಲಿ, ಒಕ್ಕಣೆ ಬೇಡ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಹುಲಗೂರಿನ ಮನೆಯೊಂದರಲ್ಲಿ ಹುಡುಗಿ ಮೊಬೈಲ್ ಹಿಡಿದು ಕೂತಿದ್ದಾಳೆ ಎನ್ನಿ. ಅಪ್ಪ, ಅವ್ವ ಹಿಂದೆ ನಿಂತು ಇಣುಕುತ್ತಿದ್ದಾರೆ. ನೋಂದಣಿ ಸಂಖ್ಯೆ ಒತ್ತಿ ಆಗಿದೆ, ಪರದೆಯ ಮೇಲಿನ ಚಕ್ರ ಮಾತ್ರ ತಿರುಗುತ್ತಲೇ ಇದೆ. ‘ನೆಟ್‌ವರ್ಕ್ ಸರಿ ಇಲ್ಲ’ ಎಂದು ಅಪ್ಪ ಗೊಣಗುತ್ತಾರೆ.

ದೋಷ ಹುಡುಕುವ ಎಂಜಿನಿಯರಿಗೆ ಇಷ್ಟು ಸಾಲದು. ತಡವಾದದ್ದು ದಾರಿಯಲ್ಲೋ, ಉತ್ತರ ಕೊಡುವ ಕಂಪ್ಯೂಟರಿನಲ್ಲೋ? ಅಥವಾ ಯಾರೋ ಕಿಡಿಗೇಡಿಗಳು ಸುಳ್ಳು ಕೋರಿಕೆಗಳ ಮಳೆ ಸುರಿಸುತ್ತಿದ್ದಾರೋ? ಅದು ತಿಳಿಯಲು ಹರಿದಾಡುವ ಮಾಹಿತಿಯನ್ನೇ ನೋಡಬೇಕು.

ಈ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಓಡುತ್ತದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1,500 ಬೈಟ್ ಮೀರುವುದಿಲ್ಲ. ಪ್ರತಿಯೊಂದೂ ಅಂಚೆಯ ಲಕೋಟೆ ಇದ್ದಂತೆ. ಮೇಲೆ ವಿಳಾಸ, ಒಳಗೆ ಒಕ್ಕಣೆ.

ಲಕೋಟೆಗಳನ್ನು ತಡೆದು ನೋಡುತ್ತ ಕೂತರೆ ಅಂಚೆಯೇ ನಿಂತೀತು. ಆದ್ದರಿಂದ ನಕಲು ತೆಗೆಯುತ್ತಾರೆ. ಗಾಜಿನ ಎಳೆಯಲ್ಲಿ ಓಡುವ ಬೆಳಕಿನ ಒಂದು ಪಾಲನ್ನು ‘ಟ್ಯಾಪ್’ ಎಂಬ ಸಾಧನ ಬದಿಗೆ ಕಳಿಸುತ್ತದೆ. ಉಳಿದ ಬೆಳಕು ತನ್ನ ದಾರಿ ಹಿಡಿಯುತ್ತದೆ. ಸ್ವಿಚ್ಚಿನ ಒಂದು ಪೋರ್ಟಿನಿಂದಲೂ ನಕಲು ಪಡೆಯಬಹುದು. ಆದರೆ ಹೋಗುವುದು 1 ಗಿಗಾಬಿಟ್, ಬರುವುದು 1 ಗಿಗಾಬಿಟ್ ಇದ್ದಾಗ ಎರಡನ್ನೂ 1 ಗಿಗಾಬಿಟ್ಟಿನ ಪೋರ್ಟಿಗೆ ತುರುಕಿದರೆ ಅರ್ಧ ಚೆಲ್ಲಿಹೋಗುತ್ತದೆ.

ದೊಡ್ಡ ಕೇಂದ್ರಗಳಲ್ಲಿ ಇಂಥ ನಕಲುಗಳು ಹತ್ತಾರು ಕಡೆಯಿಂದ ಬರುತ್ತವೆ. ನೋಡುವ ಉಪಕರಣಗಳೂ ಹಲವು. ಒಂದು ವೇಗ ಅಳೆದರೆ ಇನ್ನೊಂದು ದಾಳಿಯ ಸುಳಿವು ಹುಡುಕುತ್ತದೆ. ಇವೆರಡರ ನಡುವೆ ಕೂರುವುದೇ ‘ಪ್ಯಾಕೆಟ್ ಬ್ರೋಕರ್’. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲರನ್ನು ಬಲ್ಲ ಹಾವೇರಿ ಜಿಲ್ಲೆಯವರಿಗೆ ಬ್ರೋಕರ್ ಹೊಸಬನಲ್ಲ! ಹಲವು ಕಡೆಯ ನಕಲುಗಳನ್ನು ಒಟ್ಟುಗೂಡಿಸಿ, ಎರಡೆರಡು ಸಲ ಬಂದದ್ದನ್ನು ತೆಗೆದು, ಯಾವ ಉಪಕರಣಕ್ಕೆ ಯಾವುದು ಬೇಕೋ ಅಷ್ಟನ್ನೇ ಕಳಿಸುವುದು ಇದರ ಕೆಲಸ. ಒಬ್ಬರ ಪ್ರಶ್ನೆ ಒಂದು ಉಪಕರಣಕ್ಕೆ, ಅದರ ಉತ್ತರ ಮತ್ತೊಂದಕ್ಕೆ ಹೋದರೆ ಯಾವುದಕ್ಕೂ ಅರ್ಥವಾಗದು. ಆದ್ದರಿಂದ ಬ್ರೋಕರ್ ಜೋಡಿಯನ್ನು ಅಗಲಿಸುವುದಿಲ್ಲ.

ಇದಕ್ಕೆ ಇನ್ನೊಂದು ವಿದ್ಯೆಯೂ ಗೊತ್ತು. ಪ್ಯಾಕೆಟ್ಟಿನ ವಿಳಾಸ ಉಳಿಸಿ ಒಕ್ಕಣೆಯನ್ನು ಕತ್ತರಿಸಬಲ್ಲದು, ಗುಟ್ಟಿನ ಅಂಕಿಗಳನ್ನು ಮರೆಮಾಚಬಲ್ಲದು. ಪೋಷಕರು ಗಮನಿಸಬೇಕಾದದ್ದು ಇದನ್ನೇ. ದಾರಿಯುದ್ದಕ್ಕೂ ಬೀಗ ಹಾಕಿದ್ದ ಮಾಹಿತಿ ಕೇಂದ್ರದೊಳಗೆ ತೆರೆದುಕೊಳ್ಳುತ್ತದೆ. ಅಲ್ಲಿ ತೆಗೆದ ನಕಲಿನಲ್ಲಿ ಮಕ್ಕಳ ಹೆಸರು, ಅಂಕ ಎಲ್ಲವೂ ಇರಬಹುದು. ಆದರೆ ಉತ್ತರ ಎಷ್ಟು ತಡವಾಯಿತೆಂದು ಲೆಕ್ಕ ಹಾಕಲು ಲಕೋಟೆಯ ಹೊರಮೈ ಸಾಕು. ತಡ ಹುಡುಕುವವರಿಗೆ ಹುಡುಗಿಯ ಗಣಿತದ ಅಂಕ ಕಾಣಬೇಕಾಗಿಲ್ಲ.

ಕಾವಲು ಬೇಡವೆನ್ನಲಾಗದು. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನ ಇಡಬೇಕು ಎಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿತು. ಇತ್ತ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಎರಡನ್ನೂ ಪಾಲಿಸಬೇಕಾದವರು ಬ್ರೋಕರಿಗೆ ನಿಯಮ ಬರೆಯುವ ಎಂಜಿನಿಯರುಗಳು.

ವಿದ್ಯಾರ್ಥಿಗಳೇ, ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ಯಾಕೆಟ್ಟುಗಳನ್ನು ನೀವೂ ನೋಡಬಹುದು. ನಿಮ್ಮ ಸ್ವಂತ ಕಂಪ್ಯೂಟರಿನದ್ದನ್ನು ಮಾತ್ರ ನೋಡಿ. ಮುಂದೆ ಇದೇ ನಿಮ್ಮ ಉದ್ಯೋಗವಾದರೆ, ಒಕ್ಕಣೆ ಕತ್ತರಿಸುವ ನಿಯಮವನ್ನು ಮೊದಲು ಬರೆಯಿರಿ.