ಅವಧಿಜ್ಞಾನವೂ ಪತ್ತೇದಾರಿಕೆಯೂ

ಹಳೆಯದೊಂದು ಕೋಟೆ, ಅರಮನೆಯಲ್ಲೊಂದು ಕೊಲೆ. ಅದನ್ನು ಭೇದಿಸಲು ಹೊರಟ ಹವ್ಯಾಸಿ ಗೃಹಸ್ಥ. ಸತ್ತವನ ಉಂಗುರವನ್ನು ಮುಟ್ಟಿದೊಡನೆ ನಡೆದುದೆಲ್ಲವೂ ಅವನ ಕಣ್ಣಿಗೆ ಕಟ್ಟುತ್ತದೆ. ಪರದೇಶಗಳಲ್ಲಿ ಬೆಳೆದ ಈ ಬಗೆಯ ಐತಿಹಾಸಿಕ ಪತ್ತೇದಾರಿ ಕಾದಂಬರಿಗಳನ್ನು ಮೆಚ್ಚುವವರು, “ನಮ್ಮ ಪುರಾಣಗಳ ಅವಧಿಜ್ಞಾನಿಗಳೂ ಹೀಗೆಯೇ ಅಲ್ಲವೆ?” ಎಂದು ಕೇಳುವುದುಂಟು.

ಅಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ಅವಧಿಜ್ಞಾನಕ್ಕೆ ವಿಷಯವಾಗುವುದು ರೂಪಿ ದ್ರವ್ಯ ಮಾತ್ರ. ಪರರ ಮನೋಗತವನ್ನು ಅರಿಯುವ ಮನಃಪರ್ಯಯವು ಸಂಯಮಿಗಳಾದ ಮುನಿಗಳಿಗಲ್ಲದೆ ಗೃಹಸ್ಥನಿಗೆ ದೊರೆಯದು. ಮೇಲಾಗಿ, ಮತಿಶ್ರುತಗಳಂತೆ ಅವಧಿಯೂ ಮಿಥ್ಯಾದೃಷ್ಟಿಯಲ್ಲಿ ವಿಪರೀತವಾಗುವುದುಂಟು. ಅದಕ್ಕೆ ವಿಭಂಗವೆಂದು ಹೆಸರು. “ಕಂಡೆನು” ಎಂದ ಮಾತ್ರಕ್ಕೆ ಕಂಡದ್ದು ನಿಜವೆಂದು ಆಗಮವೇ ಒಪ್ಪದಿರುವಾಗ ಕಾದಂಬರಿಯನ್ನು ನಂಬಿ ಒಪ್ಪುವುದೆಂತು?

ಕ್ರಿ.ಶ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿಯೂ ಕೊಲೆಯುಂಟು. ಅಮೃತಮತಿಯು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಆ ಪೂರ್ವಜನ್ಮಗಳನ್ನು ನೆನೆದು ಅಭಯರುಚಿಯು ಮಾರಿದತ್ತನಿಗೆ ಹೇಳುವುದು ಕೊಲೆಗಾತಿಯನ್ನು ಹಿಡಿದುಕೊಡಲಿಕ್ಕಲ್ಲ. ಆ ಕಥೆಯನ್ನು ಕೇಳಿದ ಅರಸನು ಬಲಿಯನ್ನೇ ಕೈಬಿಟ್ಟನು. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಹಿಂಸೆಯೇ ಎಷ್ಟು ಜನ್ಮಗಳ ಭಾರವಾಯಿತೆಂಬುದು ಅಲ್ಲಿಯ ವಿಚಾರ.

ಇಂಥ ಪತ್ತೇದಾರನಿಗೆ ಚಿತ್ರದುರ್ಗಕ್ಕಿಂತ ಒಳ್ಳೆಯ ರಂಗಸ್ಥಳವಿಲ್ಲ. ತ.ರಾ.ಸು. ಅವರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ದುರ್ಗದ ಅರಮನೆಯ ಒಳಸಂಚುಗಳನ್ನು ಕಥೆಯಾಗಿಸಿದರು. ಅದು ಕಲ್ಪನೆಯೆಂಬುದನ್ನು ಓದುಗನು ಬಲ್ಲನು. ಆದರೆ ದಿವ್ಯದೃಷ್ಟಿಯವನೊಬ್ಬನು ಬಂದು ದಳವಾಯಿ ಮುದ್ದಣ್ಣನಂಥ ನಿಜವ್ಯಕ್ತಿಯತ್ತ ಬೆರಳು ತೋರಿದರೆ ಲೇಖಕನ ಊಹೆಯೇ ತೀರ್ಪಾಗಿಬಿಡುತ್ತದೆ. ಸತ್ತವನು ಮಾರುತ್ತರ ಕೊಡಲಾರನು.

ಅದೇ ದುರ್ಗದ ಚಂದ್ರವಳ್ಳಿಯನ್ನು ನೋಡಿರಿ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅಲ್ಲಿ ಉತ್ಖನನ ನಡೆಸಿದರು. ಕೆರೆಯ ವಿಷಯ ಹೇಳುವ ಮಯೂರಶರ್ಮನ ಶಾಸನವನ್ನು ಓದಿ ಪ್ರಕಟಿಸಿದರು. 1947ರಲ್ಲಿ ವೀಲರ್ ಅವರು ಮತ್ತೆ ಅಗೆಸಿದರು. ಶಾಸನದ ಪಾಠವನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿ ಬೇರೆಯಾಗಿ ಓದಿದರು. ಬಂಡೆ ಅಲ್ಲಿಯೇ ಇತ್ತು, ಆದುದರಿಂದ ತಿದ್ದಲು ಸಾಧ್ಯವಾಯಿತು. ದರ್ಶನವನ್ನು ತಿದ್ದುವವರಾರು?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೋಚರಿಲ್ಲದ ಖರ್ಚನ್ನು ಕನಸಿನಲ್ಲಿ ಕಂಡು ಬರೆದೆನೆಂದರೆ ಯಾವ ಆಡಿಟರು ಸಹಿ ಹಾಕಿಯಾನು! ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಅದನ್ನು ಸಾಲಪತ್ರ, ಲೆಕ್ಕಪುಸ್ತಕಗಳಿಗಷ್ಟೇ ಸೀಮಿತಗೊಳಿಸುವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಅರ್ಥ. ಸುಳಿವುಗಳನ್ನು ಓದುಗನ ಮುಂದಿಟ್ಟು ತರ್ಕದಿಂದ ನಡೆಯುವ ಪತ್ತೇದಾರಿ ಕಥೆಗೆ ಆಕ್ಷೇಪಣೆಯಿಲ್ಲ. ಬಸದಿಗಳ ವಾಚನಾಲಯಗಳಿಗೆ ಪುಸ್ತಕ ಕೊಳ್ಳುವ ಟ್ರಸ್ಟಿಗಳು ಅಂಥದನ್ನು ಧಾರಾಳವಾಗಿ ಕೊಳ್ಳಲಿ. ಉಂಗುರ ಮುಟ್ಟಿ ತೀರ್ಪು ಕೊಡುವವನನ್ನು ಮಾತ್ರ ಚರಿತ್ರೆಯ ಕಪಾಟಿನಲ್ಲಿ ಇಡದಿರಲಿ.